ಲೋಲಕದ ಮೇಜಿಗೆ ಕಟ್ಟಿದ್ದ ಗಡಿಯಾರ

ನಾಗರತ್ನ ಎಂಬ ವಿದ್ಯಾರ್ಥಿನಿ ಸ್ಟಾಪ್ ಕ್ಲಾಕನ್ನು ಕಿವಿಗೆ ಹಿಡಿದು ನಿಂತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಅವಳು ನಿಜವಾಗಿ ಹಾಗೆ ನಿಂತಿದ್ದಳೋ, ಆಮೇಲೆ ತಿಳಿದ ಸಂಗತಿಗಳಿಂದ ನಾನೇ ಆ ಚಿತ್ರವನ್ನು ಹೆಣೆದುಕೊಂಡೆನೋ ಹೇಳಲಾರೆ. ಆ ಚಿತ್ರದಲ್ಲಿ ಸ್ಪಿರಿಟ್ ದೀಪದ ವಾಸನೆಯೂ ಇದೆ. ನಮ್ಮ ಪ್ರಯೋಗಾಲಯದಲ್ಲಿ ಸ್ಪಿರಿಟ್ ದೀಪ ಉರಿಯುತ್ತಿದ್ದದ್ದು ಬಾಗಿಲ ಕಡೆ. ಲೋಲಕದ ಮೇಜು ಇದ್ದದ್ದು ಇನ್ನೊಂದು ತುದಿಯಲ್ಲಿ, ಕಿಟಕಿಯ ಪಕ್ಕ. ಅಲ್ಲಿಗೆ ಆ ವಾಸನೆ ಬರುವ ಸಂಭವವೇ ಇರಲಿಲ್ಲ. ವಾಸನೆ ಸುಳ್ಳಾದರೆ ಉಳಿದದ್ದೂ ಸುಳ್ಳಿರಬಹುದು. ವರ್ಷ ಎಪ್ಪತ್ತೈದೋ ಎಪ್ಪತ್ತಾರೋ ಎಂಬುದೂ ಖಚಿತವಿಲ್ಲ. ಅವಳು "ಸಾರ್, ಈ ಗಡಿಯಾರ..." ಎಂದು ಮಾತು ಶುರು ಮಾಡಿದ್ದಳೇ? ನಾನು ಕೈ ಅಡ್ಡ ತಂದು ಅವಳ ಮಾತು ತಡೆದೆನೇ? ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯುವಾಗಲೂ, ತಪ್ಪಿಸಿಕೊಳ್ಳಲು ಹೀಗೆ ಬರೆಯುತ್ತಿದ್ದೇನೆಯೇ ಎಂಬ ಅನುಮಾನ ನನಗೇ ಇದೆ.

ನಾನು ಭೌತಶಾಸ್ತ್ರದ ಅಧ್ಯಾಪಕನಾಗಿದ್ದೆ. ಬಸವನಗುಡಿಗೂ ಚಾಮರಾಜಪೇಟೆಗೂ ನಡುವಿನ ಒಂದು ಖಾಸಗಿ ಕಾಲೇಜು, ಹೆಸರು ಬೇಡ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ನಿಮ್ಮ ಕಾಲದಲ್ಲಿ ಮಕ್ಕಳು ಚೆನ್ನಾಗಿ ಓದ್ತಿದ್ರಂತೆ, ಅಲ್ವಾ ಸಾರ್?" ಎಂದು ಕೇಳುತ್ತಾರೆ. ಹೌದು ಎಂದುಬಿಡಬಹುದು. ಅವರು ಸಂತೋಷವಾಗಿ ಕಾಫಿ ಕುಡಿದು ಹೋಗುತ್ತಾರೆ. ನಿಜವಾಗಿ ಹೇಗಿತ್ತು ಎಂದು ಒಮ್ಮೆಯಾದರೂ ಬರೆದಿಡಬೇಕು ಅನ್ನಿಸಿದೆ.

ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ವಿಶ್ವವಿದ್ಯಾಲಯದಿಂದ ಆಗಷ್ಟೇ ಬಂದವನು. ಯಾವುದನ್ನೂ ಸುಮ್ಮನೆ ನಂಬಬಾರದು ಎಂಬ ಹೆಮ್ಮೆ ಇಟ್ಟುಕೊಂಡಿದ್ದವನು. ಮೊದಲ ತರಗತಿಯಲ್ಲಿ ಒಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದೆ. ನಡುನಡುವೆ ಅರ್ಥವಾಯಿತೇ ಎಂದು ಕೇಳುತ್ತಿದ್ದೆ. ಇಡೀ ತರಗತಿ "ಎಸ್ ಸಾರ್" ಎನ್ನುತ್ತಿತ್ತು. ಗಂಟೆ ಹೊಡೆದ ಮೇಲೆ ಮುಂದಿನ ಬೆಂಚಿನ ಒಬ್ಬ ಹತ್ತಿರ ಬಂದು, "ಸಾರ್, ಪಾಠ ಯಾವಾಗಿಂದ ಶುರು?" ಎಂದ. ನಾನು ಪೀಠಿಕೆ ಹಾಕುತ್ತಿದ್ದೇನೆ ಎಂದುಕೊಂಡಿದ್ದನಂತೆ. ಪಾಠ ಶುರುವಾದಾಗ ಅಧ್ಯಾಪಕರು ನೋಟ್ಸ್ ಬರೆಸುತ್ತಾರೆ, ಬರೆಸದೆ ಹೇಳಿದ್ದೆಲ್ಲ ಮಾತುಕತೆ ಎಂಬುದು ಅವರ ತಿಳಿವಳಿಕೆ. ನಾನು ಸ್ಟಾಫ್ ರೂಮಿಗೆ ಬಂದು ಇದನ್ನು ಹಾಸ್ಯ ಮಾಡಿ ಹೇಳಿದೆ. ಎಲ್ಲರೂ ನಕ್ಕರು. ಯಾರನ್ನು ನೋಡಿ ನಗಬೇಕಾಗಿತ್ತು ಎಂದು ಯಾರೂ ಕೇಳಲಿಲ್ಲ.

ನಗದೆ ಇದ್ದವರು ಒಬ್ಬರು, ನಮ್ಮ ವಿಭಾಗದ ಮುಖ್ಯಸ್ಥ ಸುಬ್ಬರಾಮಯ್ಯನವರು. ಕೋಟಿನ ತೋಳಿಗೆ ಸದಾ ಸೀಮೆಸುಣ್ಣ ಮೆತ್ತಿಕೊಂಡಿರುತ್ತಿದ್ದ, ಬೆಳಗಿನ ಮೊದಲ ಬಸ್ಸಿಗೇ ಮಲ್ಲೇಶ್ವರದಿಂದ ಹೊರಟು ಬರುತ್ತಿದ್ದ ಹಿರಿಯರು. ಅವರಿಗೂ ನನಗೂ ಇದ್ದದ್ದು ಒಂದೇ ಜಗಳ. ಅದು ನಾನು ಸೇರಿದ ವಾರ ಶುರುವಾಗಿ ಅವರು ನಿವೃತ್ತರಾಗುವವರೆಗೆ ನಡೆಯಿತು.

"ಹುಡುಗರು ಕಲೀಲಿಲ್ಲ ಅಂದ್ರೆ ನಾವು ಹೇಳ್ಕೊಟ್ಟಿಲ್ಲ ಅಂತ ಅರ್ಥ ಕಣ್ರೀ," ಎನ್ನುತ್ತಿದ್ದರು.

"ಹೇಳೋದು ನಮ್ಮ ಕೆಲಸ ಸಾರ್. ಕಲಿಯೋದು ಅವರ ಕೆಲಸ. ಕಾಲೇಜಿಗೆ ಬಂದೋರನ್ನ ಎಷ್ಟು ದಿನ ಅಂತ ತುತ್ತು ಮಾಡಿ ಉಣಿಸ್ತೀರಿ?"

"ಉಣ್ಣೋಕೆ ಬರದಿದ್ರೆ ಉಣಿಸಲೇಬೇಕಪ್ಪ."

"ಹಾಗಾದ್ರೆ ಪರೀಕ್ಷೆನೂ ನಾವೇ ಬರ್ದುಬಿಡೋಣ ಬಿಡಿ."

"ನಿಮಗೆ ಮಕ್ಕಳಾಗ್ಲಿ, ಆಮೇಲೆ ಮಾತಾಡ್ತೀನಿ," ಎಂದು ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ನನಗೂ ಅರ್ಧ ಲೋಟ ಕೊಡುತ್ತಿದ್ದರು.

ಈ ಜಗಳದಲ್ಲಿ ನಾನೇ ಗೆದ್ದೆ ಎಂದು ಬಹಳ ವರ್ಷ ತಿಳಿದಿದ್ದೆ. ಪ್ರತಿ ಜುಲೈನಲ್ಲಿ ಹೊಸ ಬ್ಯಾಚಿನ ಮುಂದೆ ನಿಂತು, "ಕಲಿಯುವ ಜವಾಬ್ದಾರಿ ನಿಮ್ಮದು" ಎಂದು ಘೋಷಿಸುತ್ತಿದ್ದೆ. ಹಾಗೆ ಹೇಳಿದ ಮೇಲೆ ಭುಜ ಹಗುರವಾಗುತ್ತಿತ್ತು. ಅಷ್ಟು ಹಗುರವಾಗುವ ಮಾತನ್ನು ಅನುಮಾನಿಸಬೇಕಿತ್ತು. ಎಲ್ಲವನ್ನೂ ಅನುಮಾನಿಸುತ್ತಿದ್ದ ನಾನು ಇದೊಂದನ್ನು ಬಿಟ್ಟುಬಿಟ್ಟೆ.

ಇನ್ನು ಪ್ರಯೋಗಾಲಯದ ಒಂದು ಪದ್ಧತಿ ಹೇಳಬೇಕು. ಅದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ.

ಬಿ.ಎಸ್ಸಿ. ಮೊದಲ ವರ್ಷದಲ್ಲಿ ಲೋಲಕದ ಪ್ರಯೋಗ ಇರುತ್ತಿತ್ತು. ಉದ್ದಕ್ಕೂ ತೂತು ಕೊರೆದ ಒಂದು ಲೋಹದ ಪಟ್ಟಿಯನ್ನು ಮೇಜಿನ ಅಂಚಿಗೆ ನೇತುಹಾಕಿ ತೂಗಾಡಿಸಬೇಕು. ಎಷ್ಟು ತೂಗಾಟಕ್ಕೆ ಎಷ್ಟು ಹೊತ್ತಾಯಿತು ಎಂದು ಸ್ಟಾಪ್ ಕ್ಲಾಕಿನಲ್ಲಿ ನೋಡಿ, ಅದರಿಂದ ಭೂಮಿಯ ಸೆಳೆತವನ್ನು ಲೆಕ್ಕ ಹಾಕಬೇಕು. ಹೊತ್ತು ಹೆಚ್ಚು ಬಂದಷ್ಟೂ ಉತ್ತರ ಕಡಿಮೆಯಾಗುತ್ತದೆ. ಉತ್ತರ ಸುಮಾರು ಒಂಬೈನೂರ ಎಂಬತ್ತು ಬರಬೇಕು ಎಂದು ಪುಸ್ತಕದಲ್ಲೇ ಇದೆ. ತೊಂದರೆ ಆಗುತ್ತಿದ್ದದ್ದು ಅಲ್ಲೇ. ಉತ್ತರ ಮೊದಲೇ ಗೊತ್ತಿದ್ದ ಕಾರಣ, ವಿದ್ಯಾರ್ಥಿಗಳು ಕೆಳಗಿನಿಂದ ಮೇಲಕ್ಕೆ ಲೆಕ್ಕ ಮಾಡಿ, ಆ ಉತ್ತರಕ್ಕೆ ಯಾವ ಅಳತೆ ಬೇಕೋ ಅದನ್ನೇ ಬರೆಯುತ್ತಿದ್ದರು. ಇದಕ್ಕೆ ಕುಕ್ ಮಾಡುವುದು ಎಂದು ಹೆಸರು. ನಾನು ಓದುವಾಗಲೂ ಹೀಗೇ ಮಾಡಿದ್ದೆ. ಸರಿಯಾಗಿ ಒಂಬೈನೂರ ಎಂಬತ್ತೇ ಬರೆದರೆ ಗುಮಾನಿ ಬರುತ್ತದೆ, ಆದ್ದರಿಂದ ಒಂಬೈನೂರ ಎಪ್ಪತ್ತಾರು ಬರೆಯಬೇಕು ಎಂದು ಸೀನಿಯರ್ ಒಬ್ಬ ಹೇಳಿಕೊಟ್ಟಿದ್ದ. ಪದವಿಯ ವರ್ಷಗಳಲ್ಲಿ ನಾನು ಚೆನ್ನಾಗಿ ಕಲಿತ ಪಾಠಗಳಲ್ಲಿ ಅದೂ ಒಂದು.

ಸುಬ್ಬರಾಮಯ್ಯನವರು ವಿದ್ಯಾರ್ಥಿಗಳ ಮೇಲಿನ ಕರುಣೆಯಿಂದ ಒಂದು ಮಾದರಿ ರೆಕಾರ್ಡ್ ಬರೆದು ಪ್ರಯೋಗಾಲಯದಲ್ಲಿ ಇಡುತ್ತಿದ್ದರು. ಎಲ್ಲರೂ ಅದನ್ನೇ ನೋಡಿ ಬರೆಯುತ್ತಿದ್ದರು. ನಾನು, ಕಲಿಯುವುದು ಅವರ ಕೆಲಸ ಎಂದು, ಕೊನೆಯ ಸಾಲಿನ ಉತ್ತರವೊಂದನ್ನು ನೋಡಿ ಸಹಿ ಹಾಕುತ್ತಿದ್ದೆ. ಉತ್ತರ ಹತ್ತಿರ ಇದ್ದರೆ ಸಹಿ, ದೂರ ಇದ್ದರೆ ಕೆಂಪು ಶಾಯಿಯಲ್ಲಿ 'ರಿಪೀಟ್'. ಜವಾಬ್ದಾರಿ ನಮ್ಮದು ಎಂದವರೂ ಅವರದು ಎಂದವನೂ ಸೇರಿ ಹೀಗೆ ಒಂದು ವ್ಯವಸ್ಥೆ ಕಟ್ಟಿದ್ದೆವು. ಆ ವ್ಯವಸ್ಥೆಯಲ್ಲಿ ಲೋಲಕ ತೂಗಾಡುವುದನ್ನು ಯಾರೂ ನೋಡಬೇಕಾಗಿರಲಿಲ್ಲ.

ಪ್ರಯೋಗಾಲಯದ ಅಟೆಂಡರ್ ಮುನಿರಾಜು. ಒಮ್ಮೆ ಒಂದು ಸ್ಟಾಪ್ ಕ್ಲಾಕು ಕಾಣೆಯಾಗಿ ಪ್ರಿನ್ಸಿಪಾಲರಿಂದ ಬೈಸಿಕೊಂಡ ಮೇಲೆ ಅವನು ಉಳಿದವನ್ನೆಲ್ಲ ಸೆಣಬಿನ ಹುರಿಯಿಂದ ಆಯಾ ಮೇಜಿನ ಕಾಲಿಗೆ ಕಟ್ಟಿಹಾಕಿದ್ದ. "ಹಸು ಕಟ್ಟಿದಂಗೆ ಕಟ್ಟಿದೀನಿ ಸಾರ್, ಇನ್ನು ಎಲ್ಲಿಗೂ ಹೋಗಲ್ಲ," ಎಂದು ಎಲ್ಲರಿಗೂ ತೋರಿಸಿದ್ದ. ಗಡಿಯಾರಗಳು ಕಳೆಯುವುದು ನಿಂತಿತು. ಜೊತೆಗೆ, ಲೋಲಕದ ಮೇಜಿಗೆ ಬಂದವರಿಗೆಲ್ಲ ಪ್ರತಿ ಸಲವೂ ಅದೊಂದೇ ಗಡಿಯಾರ ಎಂದಾಯಿತು. ಇದನ್ನು ಆಗ ನಾವು ಯಾರೂ ಯೋಚಿಸಲಿಲ್ಲ.

ನಾಗರತ್ನ ಬಂದದ್ದು ಈ ಪ್ರಯೋಗಾಲಯಕ್ಕೆ. ತಂದೆ ಸರ್ಕಾರಿ ಇಲಾಖೆಯೊಂದರಲ್ಲಿ ಜೀಪ್ ಡ್ರೈವರ್; ಅವರ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲು. ಕನ್ನಡ ಮಾಧ್ಯಮ. ಥಿಯರಿಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದಳು. ಎಂ.ಎಸ್ಸಿ. ಮಾಡಬೇಕು ಎಂದು ಮೊದಲ ತಿಂಗಳಲ್ಲೇ ಕೇಳಿಕೊಂಡು ಬಂದಿದ್ದಳು. ಫಸ್ಟ್ ಕ್ಲಾಸ್ ಇಲ್ಲದೆ ಸೀಟು ಸಿಗುವುದಿಲ್ಲ ಎಂದು ನಾನೇ ಹೇಳಿದ್ದೆ.

ಅವಳಿಗೆ ಲೋಲಕದಲ್ಲಿ ಉತ್ತರ ಬರುತ್ತಿರಲಿಲ್ಲ. ಒಂಬೈನೂರರ ಆಸುಪಾಸಿಗೆ ನಿಂತುಬಿಡುತ್ತಿತ್ತು. ನಾನು 'ರಿಪೀಟ್' ಬರೆದೆ. ಮತ್ತೆ ಮಾಡಿದಳು, ಮತ್ತೆ ಹಾಗೇ. ಇನ್ನೊಮ್ಮೆ ಬರೆದೆ. ಅವಳ ಪಕ್ಕದ ಹುಡುಗಿಯರು ಮಾದರಿ ರೆಕಾರ್ಡ್ ತಂದು ಮುಂದೆ ಇಟ್ಟರು. ಅವಳು ನೋಡಲಿಲ್ಲ.

ಮುನಿರಾಜು ಅವಳಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತ್ತು. "ಯಾಕಮ್ಮ ಒದ್ದಾಡ್ತೀಯ? ಒಂಬೈನೂರೆಂಬತ್ತು ಅಂತ ಹಾಕು, ಸಾರ್ ಸೈನ್ ಹಾಕ್ತಾರೆ, ನಾನು ಬಾಗಿಲು ಹಾಕ್ತೀನಿ, ನೀನು ಮನೆಗೆ ಹೋಗ್ತೀಯ. ಎಲ್ಲಾರ್ಗೂ ಒಳ್ಳೇದು."

"ಬರದೇ ಇರೋದನ್ನ ಹೆಂಗಣ್ಣ ಬರೀಲಿ?" ಎಂದಳು.

ನಾನು ಅದನ್ನು ಕೇಳಿಸಿಕೊಂಡೂ ಕೇಳಿಸದವನಂತೆ ಇನ್ನೊಂದು ಮೇಜಿನ ಕಡೆ ಹೋದೆ. ಈ ಮಾತಿನ ಬಗ್ಗೆ ಅನುಮಾನವಿಲ್ಲ. ಯಾಕೆಂದರೆ ಆಗ ನನಗೆ ಸಿಟ್ಟು ಬಂದಿತ್ತು, ಆ ಸಿಟ್ಟು ನೆನಪಿದೆ. ಕುಕ್ ಮಾಡದ ಹುಡುಗಿಯನ್ನು ಕಂಡು ನನಗೆ ಬಂದದ್ದು ಸಿಟ್ಟು.

ಇಲ್ಲೇ ಎಲ್ಲೋ, ಬಹುಶಃ ಮೂರನೆಯ ಸಲದ ಹೊತ್ತಿಗೆ, ಅವಳು ಗಡಿಯಾರವನ್ನು ಕಿವಿಗೆ ಹಿಡಿದ ಚಿತ್ರ ಬರುತ್ತದೆ. ಹುರಿ ಗಿಡ್ಡವಾಗಿದ್ದುದರಿಂದ ಸ್ವಲ್ಪ ಬಗ್ಗಿ ನಿಂತಿದ್ದಾಳೆ. ಕೊನೆಗೆ ಸುಬ್ಬರಾಮಯ್ಯನವರು, "ಸೈನ್ ಹಾಕಿಬಿಡ್ರೀ, ರೆಕಾರ್ಡ್ ಇಲ್ದಿದ್ರೆ ಪರೀಕ್ಷೆಗೆ ಕೂರಿಸೋಕೆ ಆಗಲ್ಲ," ಎಂದರು. ಹಾಕಿದೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಯಾರು ಯಾವ ಪ್ರಯೋಗ ಮಾಡಬೇಕು ಎಂಬುದನ್ನು ಚೀಟಿ ಎತ್ತಿಸಿ ನಿರ್ಧರಿಸುತ್ತಿದ್ದೆವು. ಅವಳು ಎತ್ತಿದ ಚೀಟಿ ಲೋಲಕದ್ದು. ಹೊರಗಿನಿಂದ ಬಂದ ಪರೀಕ್ಷಕರು ಊಟದ ನಂತರ ಬೇಗ ಮುಗಿಸಿ ರೈಲು ಹಿಡಿಯುವ ಅವಸರದಲ್ಲಿದ್ದರು. ಅವಳ ಉತ್ತರ ಪತ್ರಿಕೆ ನೋಡಿ ಹುಬ್ಬೇರಿಸಿದರು.

"ಏನ್ರೀ ಇದು, ಭೂಮಿ ಹಗುರ ಆಗೋಯ್ತಾ ನಿಮ್ಮ ಬಸವನಗುಡೀಲಿ?"

ನಾನು ನಕ್ಕೆ. "ಹುಡುಗಿ ಪ್ರಾಕ್ಟಿಕಲ್ಸ್‌ನಲ್ಲಿ ಸ್ವಲ್ಪ ವೀಕು ಸಾರ್," ಎಂದೆ.

ಪಾಸಾಗುವಷ್ಟು ಅಂಕ ಹಾಕಿ ಇಬ್ಬರೂ ಸಹಿ ಮಾಡಿದೆವು. ಅಂದು ಅದೇ ಮೇಜಿನಲ್ಲಿ ಅವಳಿಗಿಂತ ಮೊದಲು ಕೂತಿದ್ದವರಿಗೂ ಆಮೇಲೆ ಕೂತವರಿಗೂ ಬೇಕಾದ ಉತ್ತರವೇ ಬಂದಿತ್ತು. ಅವರಿಗೆಲ್ಲ ಚೆನ್ನಾಗಿಯೇ ಅಂಕ ಕೊಟ್ಟೆವು. ಪದವಿ ಮುಗಿಯುವಾಗ ಆ ಅಂಕಗಳೂ ಒಟ್ಟು ಲೆಕ್ಕಕ್ಕೆ ಸೇರಿ, ನಾಗರತ್ನಳಿಗೆ ಫಸ್ಟ್ ಕ್ಲಾಸ್ ಸ್ವಲ್ಪದರಲ್ಲಿ ತಪ್ಪಿತು. ಎಂ.ಎಸ್ಸಿ. ಸೀಟು ಸಿಗಲಿಲ್ಲ. ಈ ಸುದ್ದಿ ಯಾರೋ ಹೇಳಿದಾಗ ನಾನು, ಪಾಪ, ಎಂದಿರಬೇಕು. ಅದಕ್ಕಿಂತ ಹೆಚ್ಚಿನದೇನೂ ನೆನಪಿಲ್ಲ.

ವರ್ಷಗಳು ಹೋದವು. ಲಾಗ್ ಟೇಬಲ್ ಹೋಗಿ ಕ್ಯಾಲ್ಕುಲೇಟರ್ ಬಂತು. ಮೊದಲು ಕುಕ್ ಮಾಡಲು ಅರ್ಧ ಗಂಟೆ ಬೇಕಾಗಿದ್ದರೆ ಈಗ ಐದು ನಿಮಿಷ ಸಾಕಾಗುತ್ತಿತ್ತು. ಬೆಳಗಿನ ಜಾವದ ಟ್ಯೂಷನ್‌ಗಳು ಹೆಚ್ಚಾದವು. ವಿದ್ಯಾರ್ಥಿಗಳು ತರಗತಿಯಲ್ಲಿ ಆಕಳಿಸುತ್ತ ಕೂರತೊಡಗಿದರು. ಸುಬ್ಬರಾಮಯ್ಯನವರು ನಿವೃತ್ತರಾದರು. ಅವರ ಮಾದರಿ ರೆಕಾರ್ಡ್ ಮಾತ್ರ ಉಳಿಯಿತು. ಅಂಚು ಹರಿದಾಗ ಯಾರೋ ಹೊಸದಾಗಿ ನಕಲು ಮಾಡಿಟ್ಟರು.

ಎಂಬತ್ತರ ದಶಕದ ನಡುವಿನಲ್ಲಿ ಮಲ್ಲೇಶ್ವರದ ಒಂದು ಹೈಸ್ಕೂಲಿನವರು ವಿಜ್ಞಾನ ವಸ್ತುಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದರು. ಮಕ್ಕಳು ರಟ್ಟಿನ ಜ್ವಾಲಾಮುಖಿ, ಬಾಟಲಿಯ ಕಾರಂಜಿ ಎಲ್ಲ ಮಾಡಿಟ್ಟಿದ್ದರು. ಹುಡುಗಿಯೊಬ್ಬಳನ್ನು, "ಲೋಲಕ ಯಾರೂ ಮಾಡ್ಲಿಲ್ವಾ?" ಎಂದು ಕೇಳಿದೆ.

"ನಮ್ಮ ಮಿಸ್ ಅದನ್ನ ಬೋರ್ಡ್ ಮೇಲೆ ಮಾತ್ರ ಮಾಡೋದು ಸಾರ್," ಎಂದಳು.

ಹಿಂದಿನಿಂದ ಮಿಸ್ ಬಂದರು. ಹತ್ತಿ ಸೀರೆ, ಕನ್ನಡಕ. "ನಮಸ್ಕಾರ ಸಾರ್. ಗುರುತು ಸಿಕ್ತಾ? ನಾಗರತ್ನ."

ಸಿಕ್ಕಿತು ಎಂದೆ. ನಿಜವಾಗಿ ಹೆಸರು ಹೇಳಿದ ಮೇಲೂ ಒಂದು ಗಳಿಗೆ ಬೇಕಾಯಿತು. ಬಿ.ಎಡ್. ಮಾಡಿ ಅಲ್ಲಿ ಸೇರಿದ್ದರು. ಟೀ ತರಿಸಿದರು. ನನ್ನನ್ನು ಮಕ್ಕಳಿಗೆ "ನನ್ನ ಮೇಷ್ಟ್ರು" ಎಂದು ಪರಿಚಯಿಸಿದರು. ಆಗ ಸುಮ್ಮನಿರಬಹುದಿತ್ತು. ಕೇಳಿದೆ.

"ಲೋಲಕ ಯಾಕಮ್ಮ ಮಾಡ್ಸಲ್ಲ? ಒಂದು ದಾರ, ಒಂದು ಕಲ್ಲು ಇದ್ರೆ ಆಗುತ್ತೆ."

ಅವರು ನಕ್ಕರು. "ನೀವೇ ಕೇಳ್ತೀರಲ್ಲ ಸಾರ್. ಅದು ನನ್ನ ಕೈಗೆ ಬರಲ್ಲ ಅಂತ ನಿಮಗೆ ಗೊತ್ತಿಲ್ವಾ? ಎಷ್ಟು ಸಲ ಮಾಡಿದ್ರೂ ಅಷ್ಟೇ. ಪರೀಕ್ಷೇಲಿ ಒಂಬೈನೂರಾ ಆರು. ಸಾಯೋವರ್ಗೂ ಮರೆಯಲ್ಲ. ನಂಗೇ ಬರದೇ ಇರೋದನ್ನ ಮಕ್ಕಳ ಮುಂದೆ ಮಾಡಿ ಯಾಕೆ ಮರ್ಯಾದೆ ಕಳ್ಕೊಳ್ಳಲಿ?"

"ಗಡಿಯಾರ ಸರಿ ಇಲ್ಲ ಅಂತ ಆವಾಗ ನನಗೇನಾದ್ರೂ ಹೇಳಿದ್ರಾ?" ಎಂದು ಕೇಳಿದೆ. ಆ ಪ್ರಶ್ನೆ ಎಲ್ಲಿಂದ ಬಂತು ಎಂದು ಇಂದಿಗೂ ತಿಳಿಯದು. ಅದನ್ನು ಕೇಳಿದ ಮೇಲೆ ಕಿವಿಗೆ ಹಿಡಿದ ಗಡಿಯಾರದ ಚಿತ್ರ ಹುಟ್ಟಿತೋ, ಚಿತ್ರ ಇದ್ದುದರಿಂದಲೇ ಕೇಳಿದೆನೋ.

"ಗಡಿಯಾರನಾ?" ಎಂದು ಅವರು ಯೋಚಿಸಿದರು. "ಇಲ್ಲ ಅನ್ಸುತ್ತೆ ಸಾರ್. ಹೇಳಿರ್ಲೂಬಹುದು, ನೆನಪಿಲ್ಲ. ನೀವು ಹೇಳಿದ್ದು ಮಾತ್ರ ನೆನಪಿದೆ."

"ಏನು ಹೇಳ್ದೆ?"

"ಬಿಡಿ ಸಾರ್, ಹಳೇದು."

"ಹೇಳಮ್ಮ."

"'ಎಣಿಸೋಕೆ ಬರದೋರು ಫಿಸಿಕ್ಸ್‌ಗೆ ಯಾಕೆ ಬರ್ತೀರಿ' ಅಂದ್ರಿ. ಎಲ್ಲಾರೂ ನಕ್ಕರು. ತಪ್ಪೇನಿಲ್ಲ ಸಾರ್, ಕಲಿಯೋ ಜವಾಬ್ದಾರಿ ನಮ್ಮದು ಅಂತ ನೀವು ಮೊದಲ್ನೇ ದಿನಾನೇ ಹೇಳಿದ್ರಲ್ಲ."

ಹಾಗೆ ಅಂದದ್ದು ನನಗೆ ನೆನಪಿಲ್ಲ. ಆದರೆ ಅದು ನನ್ನದೇ ಮಾತು. ಅದರ ಧಾಟಿ ನನಗೆ ಗೊತ್ತು. ಆ ದಿನ ಯಾವ ಮಗುವಿಗೆ ಮೊದಲ ಬಹುಮಾನ ಕೊಟ್ಟೆನೋ ತಿಳಿಯದು.

ಆ ವಾರದ ರಜೆಯ ದಿನ ಕಾಲೇಜಿಗೆ ಹೋಗಿ ಮುನಿರಾಜುವಿನಿಂದ ಬಾಗಿಲು ತೆಗೆಸಿದೆ. ಮೇಜುಗಳಿಗೆ ಹೊಸ ಬಣ್ಣ ಬಂದಿತ್ತು, ಗಡಿಯಾರ ಹಳೆಯದೇ. ಅದರ ಬೆನ್ನಿಗೆ ಬಿಳಿಯ ಬಣ್ಣದಲ್ಲಿ ಬರೆದಿದ್ದ ಮೇಜಿನ ಸಂಖ್ಯೆ ಮಾಸಿತ್ತು, ಹುರಿಯ ಗಂಟು ಕಪ್ಪಾಗಿ ಕಲ್ಲಿನಂತಾಗಿತ್ತು. ಲೋಹದ ಪಟ್ಟಿ ನೇತುಹಾಕಿ ಎಣಿಸತೊಡಗಿದೆ. ವಿದ್ಯಾರ್ಥಿಯಾಗಿದ್ದಾಗಲೂ ನಾನು ಈ ಪ್ರಯೋಗವನ್ನು ಪೂರ್ತಿ ಮಾಡಿದವನಲ್ಲ. ಮಧ್ಯೆ ಲೆಕ್ಕ ತಪ್ಪಿ ಮತ್ತೆ ಶುರು ಮಾಡಿದೆ. ಮುನಿರಾಜು ಸ್ವಲ್ಪ ಹೊತ್ತು ನೋಡಿದ.

"ಸಾರ್, ಸುಮ್ನೆ ಒಂಬೈನೂರೆಂಬತ್ತು ಅಂತ ಬರ್ಕೊಂಡ್ಬಿಡಿ. ಕಾಫಿಗೆ ಹೋಗೋಣ."

ತಮಾಷೆಗೇ ಹೇಳಿದ. ನನಗೆ ಮುಖ ಎತ್ತಲಾಗಲಿಲ್ಲ. ಉತ್ತರ ಒಂಬೈನೂರ ಮೂರು ಬಂತು. ಇನ್ನೊಮ್ಮೆ ಮಾಡಿದೆ, ಒಂಬೈನೂರ ಏಳು. ನಡುವೆ ನಾಗರತ್ನ ಕೂತಿದ್ದಳು.

ಈ ಗಡಿಯಾರದಲ್ಲಿ ಯಾರು ಸರಿಯಾಗಿ ಎಣಿಸಿದರೂ ಅಷ್ಟೇ ಬರುತ್ತದೆ ಎಂದು ಆಗ ಅರ್ಥವಾಯಿತು. ಇಷ್ಟು ವರ್ಷ ಆ ಮೇಜಿನಿಂದ ಎದ್ದುಹೋದ ನೂರಾರು ವಿದ್ಯಾರ್ಥಿಗಳಲ್ಲಿ ಪ್ರಯೋಗ ಮಾಡಿದವಳು ಎಂದು ನಾನು ಹೆಸರು ಹಿಡಿದು ಹೇಳಬಲ್ಲದ್ದು ಅವಳೊಬ್ಬಳನ್ನೇ. ನಾನು ವೀಕು ಎಂದದ್ದೂ ಅವಳನ್ನೇ.

ಮರುದಿನ ಸಂಜೆ ಶಾಲೆ ಬಿಡುವ ಹೊತ್ತಿಗೆ ಮಲ್ಲೇಶ್ವರಕ್ಕೆ ಹೋದೆ. ನಾಗರತ್ನ ಗೇಟಿನ ಹತ್ತಿರ ಮಕ್ಕಳನ್ನು ಬಸ್ಸಿಗೆ ಸಾಲು ನಿಲ್ಲಿಸುತ್ತಿದ್ದರು. ಪಕ್ಕಕ್ಕೆ ಕರೆದು ಹೇಳಿದೆ: ನಾನೇ ಮಾಡಿ ನೋಡಿದೆ, ನನಗೂ ನಿಮ್ಮ ಉತ್ತರವೇ ಬಂತು, ನೀವು ಎಣಿಸಿದ್ದು ಸರಿ ಇತ್ತು, ತಪ್ಪಿದ್ದದ್ದು ಗಡಿಯಾರ.

ಅವರು ಸಂತೋಷಪಡುತ್ತಾರೆ ಎಂದು ತಿಳಿದಿದ್ದೆನೋ ಏನೋ. ಅವರು ಕೇಳಿದ್ದು ಇದನ್ನು:

"ಮತ್ತೆ ಉಳಿದೋರಿಗೆಲ್ಲ ಹೆಂಗೆ ಬಂತು ಸಾರ್ ಒಂಬೈನೂರೆಂಬತ್ತು?"

"ಬರ್ಕೊಂಡ್ರು."

"ಎಲ್ಲಾರೂನಾ?"

"ಬಹುಶಃ ಎಲ್ಲಾರೂ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ತಲೆಯಾಡಿಸಿದರು. ಬಸ್ಸು ಬಂತು. "ಏಯ್, ಸಾಲು ಬಿಡ್ಬೇಡಿ, ಸಣ್ಣೋರು ಮೊದಲು," ಎಂದು ಮಕ್ಕಳ ಕಡೆ ತಿರುಗಿದರು. ಅವರೂ ಅದೇ ಬಸ್ಸು ಹತ್ತಿದರು. ಬರ್ತೀನಿ ಸಾರ್ ಎಂದರೋ ಇಲ್ಲವೋ, ಮತ್ತೆ ನನಗೆ ಖಚಿತವಿಲ್ಲ. ಎಂದಿದ್ದರು ಎಂದು ನೆನಪಿಸಿಕೊಳ್ಳುವುದು ನನಗೆ ಇಷ್ಟ. ಅದಕ್ಕೇ ಆ ನೆನಪನ್ನು ನಂಬುವುದಿಲ್ಲ.

ಹೊಸಬರಿಗೆ ಏನು ಹೇಳಬೇಕು ಎಂದು ಕೇಳಿದರೆ ನನ್ನಲ್ಲಿ ಸಿದ್ಧಾಂತವಿಲ್ಲ. ಕಲಿಕೆ ಯಾರ ಜವಾಬ್ದಾರಿ ಎಂದು ಸುಬ್ಬರಾಮಯ್ಯನವರೂ ನಾನೂ ಹತ್ತು ಹನ್ನೆರಡು ವರ್ಷ ವಾದ ಮಾಡಿದೆವು, ಆ ಮೇಜಿನಿಂದ ಮೂವತ್ತು ಹೆಜ್ಜೆ ದೂರದ ಸ್ಟಾಫ್ ರೂಮಿನಲ್ಲಿ ಕೂತು. ವಿದ್ಯಾರ್ಥಿಯೊಬ್ಬಳು ತನ್ನ ಪಾಲಿನದನ್ನು ಮಾಡಿ ಮುಗಿಸಿದ್ದಳು. ನನ್ನ ಪಾಲಿನದು ಎದ್ದುಹೋಗಿ ಒಮ್ಮೆ ಗಡಿಯಾರ ನೋಡುವುದಷ್ಟೇ ಆಗಿತ್ತು.

ಇಷ್ಟರಲ್ಲಿ ಎಷ್ಟು ನಡೆದಂತೆ ಬರೆದಿದ್ದೇನೆ, ಎಷ್ಟು ಬದಲಾಗಿದೆ, ಗೊತ್ತಿಲ್ಲ. ಒಂದು ಸಂಗತಿ ಮಾತ್ರ ಪರೀಕ್ಷಿಸಿ ತಿಳಿದದ್ದು. ಆ ರಜೆಯ ದಿನ ಎಣಿಕೆ ಮುಗಿದ ಮೇಲೆ ನನ್ನ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಸ್ಟಾಪ್ ಕ್ಲಾಕಿನ ಪಕ್ಕ ಇಟ್ಟು, ಎರಡನ್ನೂ ಒಟ್ಟಿಗೆ ನೋಡುತ್ತ ಕೂತೆ. ನನ್ನ ಗಡಿಯಾರದಲ್ಲಿ ಹತ್ತು ನಿಮಿಷ ಆದಾಗ ಅದರಲ್ಲಿ ಹತ್ತು ನಿಮಿಷದ ಮೇಲೆ ಇಪ್ಪತ್ತೈದು ಸೆಕೆಂಡು ಆಗಿತ್ತು. ಮುನಿರಾಜುವಿಗೂ ತೋರಿಸಿದೆ. ಅವನೂ ಬಗ್ಗಿ ನೋಡಿ, ಹೌದು ಸಾರ್, ಮುಂದಿದೆ, ಎಂದ.